ಕರ್ನೆಲ್ ಮೆಮೊರಿ ದೋಷಗಳ ಪತ್ತೆ

ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಇವನ್ನೆಲ್ಲ ಪ್ರೋಗ್ರಾಮುಗಳಿಗೆ ಹಂಚಿಕೊಡುವ, ಆಪರೇಟಿಂಗ್ ಸಿಸ್ಟಂನ ಒಳತಿರುಳೇ ಕರ್ನೆಲ್. ಅದು ಪಡೆದ ಜಾಗದ ಗಡಿ ಮೀರಿ ಬರೆದಾಗ, ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟಿದಾಗ, ಏನನ್ನೂ ತುಂಬದ ಜಾಗವನ್ನು ಓದಿದಾಗ ಅಥವಾ ಪಡೆದದ್ದನ್ನು ಹಿಂದಿರುಗಿಸಲು ಮರೆತಾಗ ಆಗುವ ಕೆಡುಕುಗಳನ್ನು ಒಟ್ಟಾಗಿ ಕರ್ನೆಲ್ ಮೆಮೊರಿ ದೋಷಗಳೆಂದು ಕರೆಯುತ್ತಾರೆ. ಮಲ್ಪೆಯ ಬಂದರಿನಲ್ಲಿ ಮೀನಿನ ಹಣ ಪಾವತಿಸುವ ಆಂಡ್ರಾಯ್ಡ್ ಫೋನಿನೊಳಗೆ ಇರುವುದು ಲಿನಕ್ಸ್ ಕರ್ನೆಲ್. ಜಗತ್ತಿನ ಬಹುಪಾಲು ಸರ್ವರುಗಳನ್ನು ನಡೆಸುತ್ತಿರುವುದೂ ಅದೇ. ಹಾಗಾಗಿ ಇದು ತಜ್ಞರಿಗಷ್ಟೇ ಸೇರಿದ ಸಂಗತಿಯಲ್ಲ. ಈ ಲೇಖನ ಮುಖ್ಯವಾಗಿ ಲಿನಕ್ಸ್ ಕುರಿತದ್ದು. ಅದರ ಮೂಲಸಂಕೇತ ಯಾರು ಬೇಕಾದರೂ ಓದುವಂತಿದೆ ಎಂಬುದು ಒಂದು ಕಾರಣ. ಪತ್ತೆಯ ಎರಡು ಮುಖ್ಯ ಸಾಧನಗಳು ಬೆಂಗಳೂರಿನಲ್ಲಿ ರೂಪುಗೊಂಡವು ಎಂಬುದು ಇನ್ನೊಂದು. ಯಂತ್ರ ಕೆಟ್ಟು ನಿಂತ ಮೇಲೆ ಜಾಣರೊಬ್ಬರು ಕೂತು ತಲೆ ಓಡಿಸಿದರೆ ತಪ್ಪು ಸಿಕ್ಕಿಬಿಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕಳೆದ ಎರಡು ದಶಕಗಳ ಅನುಭವ ಹೇಳುವುದು ಬೇರೆಯೇ. ಕೆಡುವುದಕ್ಕೆ ಮೊದಲೇ ಸಾಕ್ಷ್ಯ ಉಳಿಯುವ ಏರ್ಪಾಡು ಆಗಿರಬೇಕು. ಇಲ್ಲವಾದರೆ ಎಂಥ ಜಾಣತನಕ್ಕೂ ಹಿಡಿಯಲು ಎಳೆಯೇ ಸಿಗುವುದಿಲ್ಲ.

ಸಾಮಾನ್ಯ ಪ್ರೋಗ್ರಾಮಿನಲ್ಲಿ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ ಹೇಳುವ ಬೆಲೆ, ದಾರಿ ತಪ್ಪಿದರೆ ಹಾನಿ ಆ ಪ್ರೋಗ್ರಾಮಿಗೇ ಸೀಮಿತ. ತನ್ನದಲ್ಲದ ಪುಟವನ್ನು ಮುಟ್ಟಲು ಹೋದರೆ ಪ್ರೊಸೆಸರ್ ತಡೆಯುತ್ತದೆ, ಕರ್ನೆಲ್ ಆ ಪ್ರೋಗ್ರಾಮನ್ನು ಮುಗಿಸುತ್ತದೆ, ಪಕ್ಕದ ಪ್ರೋಗ್ರಾಮುಗಳು ತಮ್ಮ ಪಾಡಿಗೆ ನಡೆದಿರುತ್ತವೆ. ಕರ್ನೆಲ್‌ನ ಒಳಗೆ ಈ ಬೇಲಿ ಇಲ್ಲ. ವೈ-ಫೈ ಡ್ರೈವರ್, ಫೈಲ್ ಸಿಸ್ಟಂ, ನೆಟ್‌ವರ್ಕ್ ಭಾಗ ಎಲ್ಲವೂ ಒಂದೇ ವಿಳಾಸಕ್ಷೇತ್ರದಲ್ಲಿ, ಒಂದೇ ಅಧಿಕಾರದಲ್ಲಿ ಓಡುತ್ತವೆ. ಒಂದರ ತಪ್ಪು ಇನ್ನೊಂದರ ಮೈಮೇಲೆ ಬೀಳುತ್ತದೆ. ಉಡುಪಿಯ ತಂತ್ರಾಂಶ ಉದ್ಯಮ ಈ ಸ್ಥಿತಿಯನ್ನು ಹತ್ತಿರದಿಂದ ಕಂಡದ್ದು. 1996ರಲ್ಲಿ ಉಡುಪಿಯಲ್ಲಿ ಆರಂಭವಾದ ರೋಬೋಸಾಫ್ಟ್ ಮೊದಲ ವರ್ಷಗಳಲ್ಲಿ ಮ್ಯಾಕಿಂಟಾಶ್ ಕಂಪ್ಯೂಟರುಗಳಿಗೆ ತಂತ್ರಾಂಶ ಬರೆಯುತ್ತಿತ್ತು. ಆ ಕಾಲದ ಮ್ಯಾಕ್ ಓಎಸ್‌ನಲ್ಲಿ ಪ್ರೋಗ್ರಾಮುಗಳ ನಡುವೆಯೂ ಮೆಮೊರಿ ರಕ್ಷಣೆ ಇರಲಿಲ್ಲ. ಒಂದರ ತಪ್ಪಿಗೆ ಇಡೀ ಯಂತ್ರವೇ ಸ್ತಬ್ಧವಾಗಬಹುದಿತ್ತು. 2001ರಲ್ಲಿ ಮ್ಯಾಕ್ ಓಎಸ್ ಟೆನ್ ಬಂದ ಮೇಲೆ ಪ್ರೋಗ್ರಾಮುಗಳಿಗೆ ಆ ರಕ್ಷಣೆ ದಕ್ಕಿತು. ಲಿನಕ್ಸ್‌ನಂಥ ಕರ್ನೆಲ್‌ನ ಒಳಭಾಗಗಳ ನಡುವೆ ಅದು ಇವತ್ತಿಗೂ ಇಲ್ಲ.

ಲಿನಕ್ಸ್‌ನಲ್ಲಿ ಸಣ್ಣ ಗಾತ್ರದ ಮೆಮೊರಿ ಹಂಚುವುದು ಸ್ಲಬ್ ಎಂಬ ವ್ಯವಸ್ಥೆ. ಕ್ರಿಸ್ಟೋಫ್ ಲಾಮೆಟರ್ ಬರೆದ ಇದು 2007ರಲ್ಲಿ ಕರ್ನೆಲ್ ಸೇರಿತು. 2024ರ ಹೊತ್ತಿಗೆ ಹಳೆಯ ಪರ್ಯಾಯಗಳನ್ನೆಲ್ಲ ತೆಗೆದುಹಾಕಲಾಗಿ ಈಗ ಇದೊಂದೇ ಉಳಿದಿದೆ. 32, 64, 96, 128 ಬೈಟ್ ಹೀಗೆ ಗಾತ್ರಕ್ಕೆ ತಕ್ಕಂತೆ ತುಂಡುಗಳನ್ನು ಜೋಡಿಸಿಟ್ಟುಕೊಂಡು, ಕೇಳಿದವರಿಗೆ ಕೊಟ್ಟು, ಹಿಂದಿರುಗಿಸಿದ್ದನ್ನು ಮುಂದಿನವರಿಗೆ ದಾಟಿಸುತ್ತದೆ. ಒಂದು ಡ್ರೈವರ್ 64 ಬೈಟ್ ಪಡೆದು, ಕೆಲಸ ಮುಗಿಸಿ ಹಿಂದಿರುಗಿಸಿತೆನ್ನಿ. ಆದರೆ ಅದರ ವಿಳಾಸ ಇನ್ನೊಂದು ಕಡೆ ಉಳಿದುಬಿಟ್ಟಿದೆ. ಅದೇ ತುಂಡು ಮರುಕ್ಷಣ ಫೈಲ್ ಸಿಸ್ಟಂನ ಪಾಲಾಗುತ್ತದೆ. ಡ್ರೈವರ್ ತನ್ನ ಹಳೆಯ ವಿಳಾಸಕ್ಕೆ ಹೋಗಿ ಒಂದು ಎಣಿಕೆಯನ್ನು ಕಡಿಮೆ ಮಾಡುತ್ತದೆ. ಆಗ ಏನೂ ಆಗುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ಫೈಲ್ ಸಿಸ್ಟಂ ಆ ಕೆಟ್ಟ ಬೆಲೆಯನ್ನು ವಿಳಾಸವೆಂದು ನಂಬಿ ಹಿಂಬಾಲಿಸಿದಾಗ ಯಂತ್ರ ಬೀಳುತ್ತದೆ, ಪರದೆಯ ಮೇಲೆ ಫೈಲ್ ಸಿಸ್ಟಂನ ಹೆಸರು ಮೂಡುತ್ತದೆ. ಹೃದಯದ ತೊಂದರೆ ಎಡದೋಳಿನ ನೋವಾಗಿ ಕಾಣಿಸಿಕೊಂಡಾಗ ತೋಳಿಗೆ ಎಣ್ಣೆ ತಿಕ್ಕುತ್ತ ಕೂತರೆ ಏನಾಗುತ್ತದೋ, ಫೈಲ್ ಸಿಸ್ಟಂನ ಸಂಕೇತವನ್ನು ಸಾಲು ಸಾಲಾಗಿ ಜಾಲಾಡುವವರಿಗೂ ಅದೇ ಆಗುತ್ತದೆ. ದೋಷ ಕಂಡ ಜಾಗಕ್ಕೂ ದೋಷ ಹುಟ್ಟಿದ ಜಾಗಕ್ಕೂ ಇರುವ ಈ ಅಂತರವೇ ಇಡೀ ಸಮಸ್ಯೆಯ ಬುಡ.

ಅಂತರವನ್ನು ಕಿರಿದಾಗಿಸುವ ಅತ್ಯಂತ ಹಳೆಯ, ಅಗ್ಗದ ಉಪಾಯ ಗುರುತು ಬಳಿಯುವುದು. ಸ್ಲಬ್‌ನ ತಪಾಸಣಾ ಸ್ಥಿತಿಯನ್ನು ಚಾಲೂ ಮಾಡಿ ಯಂತ್ರ ಬೂಟ್ ಮಾಡಿದರೆ, ಹಿಂದಿರುಗಿದ ಪ್ರತಿ ತುಂಡನ್ನೂ ಕರ್ನೆಲ್ ಹೆಕ್ಸ್ ಬೆಲೆ 6ಬಿ ಇಂದ ತುಂಬುತ್ತದೆ, ಕೊನೆಯ ಬೈಟಿಗೆ ಎ5 ಇಡುತ್ತದೆ. ತುಂಡಿನ ಅಂಚಿನಾಚೆ ಕಾವಲು ಬೈಟುಗಳನ್ನೂ ಹಾಕುತ್ತದೆ. ಕ್ರ್ಯಾಶ್ ವರದಿಯ ರಿಜಿಸ್ಟರ್ ಸಾಲಿನಲ್ಲಿ 6ಬಿ6ಬಿ6ಬಿ6ಬಿ ಎಂದು ಉದ್ದಕ್ಕೆ ಕಂಡರೆ, ಬಿಟ್ಟುಕೊಟ್ಟ ಮೆಮೊರಿಯಿಂದ ಓದಿದ ಬೆಲೆಯನ್ನು ಯಾರೋ ಬಳಸಿದ್ದಾರೆ ಎಂದು ಅನುಭವಿಗಳು ನೋಡಿದ ಕೂಡಲೇ ಹೇಳುತ್ತಾರೆ. ಇನ್ನೂ ಕುತೂಹಲದ ಸಂಗತಿ ಇದೆ. ಕೆಲವೊಮ್ಮೆ 6ಬಿಗಳ ಸಾಲಿನ ನಡುವೆ ಒಂದೇ ಒಂದು 6ಎ ಕಾಣುತ್ತದೆ. 6ಬಿ ಎಂದರೆ ಬೈನರಿಯಲ್ಲಿ 01101011, 6ಎ ಎಂದರೆ 01101010. ಇದನ್ನು ಎರಡು ರೀತಿ ಓದಬಹುದು. ರ‍್ಯಾಮ್‌ನಲ್ಲಿ ಒಂದು ಬಿಟ್ ತಾನಾಗಿ ಮಗುಚಿಕೊಂಡಿರಬಹುದು. ಅಥವಾ ಬಿಟ್ಟುಕೊಟ್ಟ ವಸ್ತುವಿನೊಳಗಿನ ಎಣಿಕೆಯನ್ನು ಯಾವುದೋ ಸಂಕೇತ ಒಂದರಷ್ಟು ಇಳಿಸಿರಬಹುದು. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಸಂಖ್ಯೆಯ ಕೆಳಗಿನ ಬೈಟ್ ಮೊದಲು ಕೂರುವುದರಿಂದ ಆಗಲೂ ಕಾಣುವುದು ಇದೇ 6ಎ. ಒಂದೇ ವರದಿಯಿಂದ ತೀರ್ಮಾನ ಸಾಧ್ಯವಿಲ್ಲ. ಹತ್ತಾರು ವರದಿಗಳನ್ನು ಪಕ್ಕಪಕ್ಕ ಇಟ್ಟಾಗ ಸತ್ಯ ಬಾಯಿಬಿಡುತ್ತದೆ: ಬೇರೆ ಬೇರೆ ಯಂತ್ರಗಳಲ್ಲಿ, ಒಂದೇ ಬಗೆಯ ವಸ್ತುವಿನ ಒಂದೇ ಸ್ಥಾನದಲ್ಲಿ ಅದು ಮರುಕಳಿಸಿದರೆ ತಪ್ಪು ಸಂಕೇತದ್ದು; ಒಂದೇ ಯಂತ್ರದ ಒಂದೇ ಭೌತಿಕ ವಿಳಾಸದಲ್ಲಿ, ಅಲ್ಲಿ ಯಾವ ವಸ್ತು ಕೂತಿದ್ದರೂ ಮರುಕಳಿಸಿದರೆ ತಪ್ಪು ಚಿಪ್ಪಿನದ್ದು.

ಈ ಎರಡರ ನಡುವಿನ ವ್ಯತ್ಯಾಸ ಕರಾವಳಿಯಲ್ಲಿ ಹೆಚ್ಚು ಮುಖ್ಯ. ಉಪ್ಪುಗಾಳಿ, ತೇವ ಎರಡೂ ಇರುವ ಊರುಗಳಲ್ಲಿ ಲೋಹದ ಸಂಪರ್ಕಗಳು ಮಂಕಾಗುವುದು ಸಹಜ. ರ‍್ಯಾಮ್ ಬಿಚ್ಚಿ, ಅದರ ಹೊಂಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ರಿಪೇರಿ ಅಂಗಡಿಗಳ ಮೊದಲ ಮದ್ದು, ಮತ್ತು ಎಷ್ಟೋ ಸಲ ಸರಿಯಾದ ಮದ್ದು. ಯಂತ್ರಾಂಶದ ದೋಷ ಅಪರೂಪವೂ ಅಲ್ಲ: ಗೂಗಲ್‌ನ ಸರ್ವರುಗಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟವಾದ ಪ್ರಬಂಧದ ಪ್ರಕಾರ ವರ್ಷವೊಂದರಲ್ಲಿ ಶೇ 8ಕ್ಕಿಂತ ಹೆಚ್ಚು ರ‍್ಯಾಮ್ ಮಾಡ್ಯೂಲುಗಳು ಒಂದಾದರೂ ದೋಷ ತೋರಿಸಿದ್ದವು. ಆದರೆ ತೊಂದರೆ ಮದ್ದಿನ ಪರಿಣಾಮವನ್ನು ಅಳೆಯುವುದರಲ್ಲಿದೆ. ಕರ್ನೆಲ್‌ನ ಸಂಕೇತದ ದೋಷವೂ ಎಂದೋ ಒಮ್ಮೆ ಕಾಣಿಸಿಕೊಳ್ಳುವಂಥದ್ದು. ಉಜ್ಜಿದರೂ ಉಜ್ಜದಿದ್ದರೂ ಅದು ನಾಲ್ಕು ದಿನ ಸುಮ್ಮನಿರುತ್ತದೆ. ಆ ನಾಲ್ಕು ದಿನದ ಮೌನವನ್ನು ಗುಣವಾದದ್ದೆಂದು ಬಗೆದು ಯಂತ್ರವನ್ನು ಒಯ್ಯುತ್ತಾರೆ. ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಪೂರ್ತಿ ಓಡಿಸುವುದು, ಸರ್ವರ್ ಆದರೆ ದೋಷವನ್ನು ತಾನೇ ಗುರುತಿಸಿ ತಿದ್ದುವ ಇಸಿಸಿ ರ‍್ಯಾಮ್ ಹಾಕಿ ಅದರ ದೋಷದ ಎಣಿಕೆಯನ್ನು ಕರ್ನೆಲ್‌ನಿಂದ ಓದುವುದು: ರಬ್ಬರಿಗಿಂತ ಮೊದಲು ನಡೆಯಬೇಕಾದದ್ದು ಇದು, ಯಾಕೆಂದರೆ ಉಜ್ಜಿ ಕೂರಿಸಿದ ಮೇಲೆ ಮೊದಲಿನ ಸ್ಥಿತಿಯ ಸಾಕ್ಷ್ಯ ಉಳಿದಿರುವುದಿಲ್ಲ.

ಸಾಕ್ಷ್ಯ ಉಳಿಸುವ ವಿಷಯದಲ್ಲಿ ಕರ್ನಾಟಕದ ಕೊಡುಗೆ ದೊಡ್ಡದು, ಮತ್ತು ಕನ್ನಡದಲ್ಲಿ ಅದನ್ನು ಹೇಳಿದವರು ಕಡಿಮೆ. ಯಂತ್ರ ಬಿದ್ದ ಕ್ಷಣದ ಇಡೀ ಮೆಮೊರಿಯನ್ನು ಡಿಸ್ಕಿಗೆ ಬರೆದಿಟ್ಟುಕೊಂಡರೆ ಅದು ಕ್ರ್ಯಾಶ್ ಡಂಪ್. 2005ಕ್ಕಿಂತ ಮೊದಲು ಬಳಕೆಯಲ್ಲಿದ್ದ ಎಲ್‌ಕೆಸಿಡಿ, ನೆಟ್‌ಡಂಪ್, ಡಿಸ್ಕ್‌ಡಂಪ್ ಮುಂತಾದವು ಒಂದೇ ದೌರ್ಬಲ್ಯ ಹೊತ್ತಿದ್ದವು: ಡಂಪ್ ಬರೆಯುವ ಕೆಲಸವನ್ನು ಬಿದ್ದ ಕರ್ನೆಲ್‌ಗೇ ಒಪ್ಪಿಸಿದ್ದವು. ಮೆಮೊರಿಯೇ ಕೆಟ್ಟಿರುವಾಗ ಅದರ ಡಿಸ್ಕ್ ಡ್ರೈವರ್ ಸರಿಯಿದೆಯೆಂದು ನಂಬುವುದು ಹೇಗೆ? ಐಬಿಎಂನ ಬೆಂಗಳೂರಿನ ಲಿನಕ್ಸ್ ಟೆಕ್ನಾಲಜಿ ಸೆಂಟರಿನಲ್ಲಿದ್ದ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಮತ್ತು ಓಡುತ್ತಿರುವ ಕರ್ನೆಲ್‌ನಿಂದ ನೇರವಾಗಿ ಇನ್ನೊಂದನ್ನು ಬೂಟ್ ಮಾಡುವ ಕೆಎಕ್ಸೆಕ್ ಬರೆದ ಎರಿಕ್ ಬೀಡರ್‌ಮನ್ 2005ರ ಆಟವಾ ಲಿನಕ್ಸ್ ಸಮಾವೇಶದಲ್ಲಿ ಮಂಡಿಸಿದ ಕೆಡಂಪ್ ಈ ಪ್ರಶ್ನೆಯನ್ನು ಬುಡದಲ್ಲೇ ಬಿಡಿಸಿತು. ಬೂಟ್ ಆಗುವಾಗಲೇ ಮೆಮೊರಿಯ ಒಂದು ಭಾಗವನ್ನು ಮೀಸಲಿಟ್ಟು ಅದರಲ್ಲಿ ಎರಡನೆಯ ಕರ್ನೆಲ್ ಒಂದನ್ನು ತುಂಬಿಡುತ್ತಾರೆ. ಮೊದಲನೆಯದು ಬಿದ್ದಾಗ ಬಯಾಸ್ ದಾರಿ ಹಿಡಿಯದೆ ನೇರವಾಗಿ ಎರಡನೆಯದಕ್ಕೆ ಜಿಗಿತ, ರ‍್ಯಾಮ್ ಅಳಿಸಿಹೋಗುವುದಿಲ್ಲ. ಮೊದಲ ಕರ್ನೆಲ್ ಶುರುಮಾಡಿದ್ದ ಡಿಎಂಎ ವರ್ಗಾವಣೆಗಳು (ಪ್ರೊಸೆಸರ್ ನೆರವಿಲ್ಲದೆ ಸಾಧನಗಳು ನೇರವಾಗಿ ಮೆಮೊರಿಗೆ ಬರೆಯುವಂಥವು) ಇನ್ನೂ ನಡೆಯುತ್ತಿದ್ದರೂ ಅವು ಬರೆಯುವುದು ಹಳೆಯ ಕರ್ನೆಲ್‌ನ ಜಾಗಕ್ಕೆ, ಮೀಸಲು ಜಾಗಕ್ಕಲ್ಲ. ಎಕ್ಸ್86 ಯಂತ್ರ ಬೂಟ್ ಆಗಲು ಮೊದಲ 640 ಕಿಲೋಬೈಟ್ ಬೇಕೇ ಬೇಕು ಎಂಬ ತೊಡಕಿಗೂ ಉತ್ತರವಿದೆ: ಜಿಗಿಯುವ ಮುನ್ನ ಅಷ್ಟನ್ನು ಬೇರೆಡೆ ನಕಲು ಮಾಡಿಕೊಳ್ಳುತ್ತಾರೆ. ಆಮೇಲೆ ಸತ್ತ ಕರ್ನೆಲ್‌ನ ಮೆಮೊರಿ ಹೊಸ ಕರ್ನೆಲ್‌ಗೆ ಒಂದು ಫೈಲ್ ಆಗಿ ಕಾಣುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ಬಂದ 2.6.13 ಆವೃತ್ತಿಯಲ್ಲಿ ಇದು ಮುಖ್ಯ ಕರ್ನೆಲ್‌ನ ಭಾಗವಾಯಿತು. ದೊಡ್ಡ ಲಿನಕ್ಸ್ ವಿತರಣೆಗಳು ಇವತ್ತಿಗೂ ನಂಬಿರುವುದು ಇದನ್ನೇ.

ಇನ್ನೊಂದು ಸಾಧನ ಕೆಪ್ರೋಬ್ಸ್, 2004ರ 2.6.9 ಆವೃತ್ತಿಯದ್ದು. ಓಡುತ್ತಿರುವ ಕರ್ನೆಲ್‌ನ ಬಹುತೇಕ ಯಾವುದೇ ಸೂಚನೆಯ ಮೊದಲ ಬೈಟಿನ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು, ಅಲ್ಲಿಗೆ ಬಂದಾಗ ಬೇಕಾದ ಬೆಲೆಗಳನ್ನು ದಾಖಲಿಸಿ, ಮೂಲ ಸೂಚನೆಯನ್ನು ನಡೆಸಿ ಮುಂದೆ ಬಿಡುವ ವಿಧಾನ ಇದು. ಯಂತ್ರ ನಿಲ್ಲಿಸಬೇಕಿಲ್ಲ, ಕರ್ನೆಲ್ ಮರುಕಂಪೈಲ್ ಮಾಡಬೇಕಿಲ್ಲ. ಐಬಿಎಂನ ಡೈನಮಿಕ್ ಪ್ರೋಬ್ಸ್ ಕೆಲಸದಿಂದ ಬೆಳೆದ ಇದನ್ನು ಕಟ್ಟಿ ನಿಭಾಯಿಸಿದವರಲ್ಲಿ ಬೆಂಗಳೂರಿನ ಪ್ರಸನ್ನ ಪಂಚಮುಖಿ, ಅನಂತ್ ಮಾವಿನಕಾಯನಹಳ್ಳಿ ಮುಂಚೂಣಿಯಲ್ಲಿದ್ದರು. ಇದೇ ಐಬಿಎಂ ಇಂಡಿಯಾದ ಅಂಕಿತಾ ಗರ್ಗ್ 2006ರಲ್ಲಿ ಬರೆದ ಎಲ್‌ಕೆಡಿಟಿಎಂ ಎಂಬ ಮಾಡ್ಯೂಲಿನ ಕೆಲಸ, ಬೇಕೆಂದೇ ಕರ್ನೆಲ್ ಕೆಡವಿ ಡಂಪ್ ಸರಿಯಾಗಿ ಬರುತ್ತದೆಯೇ ನೋಡುವುದು. ಸಾಕ್ಷ್ಯ ಹಿಡಿಯುವ ಬಲೆಯನ್ನೇ ಮೊದಲು ಪರೀಕ್ಷಿಸಿಡಬೇಕೆಂಬ ಈ ಯೋಚನೆ ನನಗೆ ಇಡೀ ಕ್ಷೇತ್ರದ ಅತ್ಯಂತ ಪ್ರಬುದ್ಧ ಯೋಚನೆಯಾಗಿ ಕಾಣುತ್ತದೆ.

ಡಂಪ್ ಎಷ್ಟೇ ಪೂರ್ಣವಾಗಿದ್ದರೂ ಅದು ಬಿದ್ದ ಕ್ಷಣದ ಚಿತ್ರ. ತಪ್ಪು ನಡೆದ ಕ್ಷಣದ್ದಲ್ಲ. ಆ ಕ್ಷಣದಲ್ಲೇ ಹಿಡಿಯುವ ಸಾಧನ ಕೇಸಾನ್. ಆಂಡ್ರೆ ರಿಯಾಬಿನಿನ್ ಬರೆದ ಇದು 2015ರ 4.0 ಆವೃತ್ತಿಯಲ್ಲಿ ಬಂತು. ಕರ್ನೆಲ್ ಮೆಮೊರಿಯ ಪ್ರತಿ 8 ಬೈಟಿಗೆ 1 ಬೈಟಿನ ನೆರಳು ದಾಖಲೆ ಇಟ್ಟುಕೊಂಡು, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಕೂಡದು ಎಂದು ಅದರಲ್ಲಿ ಗುರುತು ಮಾಡುತ್ತದೆ. ಕಂಪೈಲರ್ ಪ್ರತಿ ಓದು, ಪ್ರತಿ ಬರಹದ ಮುಂದೆ ಈ ನೆರಳನ್ನು ನೋಡುವ ಸೂಚನೆ ಸೇರಿಸುತ್ತದೆ. ಬಿಟ್ಟುಕೊಟ್ಟ ತುಂಡನ್ನು ತಕ್ಷಣ ಮತ್ತೊಬ್ಬರಿಗೆ ಕೊಡದೆ ಸ್ವಲ್ಪ ಕಾಲ ತಡೆಹಿಡಿಯುವ ವ್ಯವಸ್ಥೆಯೂ ಇದೆ. ತಪ್ಪು ಸಿಕ್ಕಾಗ ಬರುವ ವರದಿಯಲ್ಲಿ ಮೂರು ಕರೆಸರಣಿಗಳಿರುತ್ತವೆ: ಈಗ ಮುಟ್ಟಿದವರು, ಮೊದಲು ಪಡೆದವರು, ನಡುವೆ ಬಿಟ್ಟುಕೊಟ್ಟವರು. ಮೇಲಿನ ಉದಾಹರಣೆಯ ಡ್ರೈವರ್ ಫೈಲ್ ಸಿಸ್ಟಂನ ಹಿಂದೆ ಅಡಗಲು ಇಲ್ಲಿ ಅವಕಾಶವೇ ಇಲ್ಲ. ಪಡೆದು ಮರೆತ ಮೆಮೊರಿಯನ್ನು ಹುಡುಕುವುದು ಇದರ ಕೆಲಸವಲ್ಲ. ಅದಕ್ಕೆ ಕೆಟಲಿನ್ ಮರಿನಾಸ್ ಬರೆದ ಕೆಮೆಮ್‌ಲೀಕ್ 2009ರಿಂದ ಇದೆ. ತುಂಬದ ಮೆಮೊರಿಯ ಓದನ್ನು ಹಿಡಿಯಲು ಕೆಎಂಸಾನ್ 2022ರಲ್ಲಿ ಬಂತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಇಷ್ಟೆಲ್ಲ ಕಾವಲು ಹಾಕಿದರೆ ಯಂತ್ರ ಓಡುವುದು ಯಾವಾಗ? ಆಕ್ಷೇಪ ನ್ಯಾಯವಾದದ್ದೇ. ಕೇಸಾನ್ ಮೆಮೊರಿಯ ಎಂಟರಲ್ಲೊಂದು ಪಾಲನ್ನು ನೆರಳಿಗೇ ತಿನ್ನುತ್ತದೆ, ವೇಗವನ್ನೂ ಗಣನೀಯವಾಗಿ ಇಳಿಸುತ್ತದೆ. ಅದನ್ನು ಬ್ಯಾಂಕಿನ ಸರ್ವರಿನಲ್ಲಿ ದಿನವಿಡೀ ಓಡಿಸಿ ಎಂದು ಯಾರೂ ಹೇಳುವುದಿಲ್ಲ. ಅದರ ಜಾಗ ಪರೀಕ್ಷಾಲಯ. ದುಡಿಯುವ ಯಂತ್ರಗಳಿಗೆ 2021ರ 5.12 ಆವೃತ್ತಿಯ ಕೆಫೆನ್ಸ್ ಇದೆ. ಅದು ಎಲ್ಲ ಹಂಚಿಕೆಗಳನ್ನೂ ಕಾಯುವುದಿಲ್ಲ; ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೊಮ್ಮೆ ಒಂದನ್ನು ಆರಿಸಿ, ಎರಡೂ ಮಗ್ಗುಲಲ್ಲಿ ಮುಟ್ಟಬಾರದ ಪುಟಗಳಿರುವ ಪ್ರತ್ಯೇಕ ಪುಟದಲ್ಲಿ ಇಡುತ್ತದೆ. ಒಟ್ಟು 255 ವಸ್ತುಗಳಿಗೆ ಜಾಗ, ತಗಲುವ ಮೆಮೊರಿ ಸುಮಾರು 2 ಮೆಗಾಬೈಟ್. ಒಂದೇ ಯಂತ್ರದಲ್ಲಿ ತಪ್ಪು ಸಿಕ್ಕುವ ಸಾಧ್ಯತೆ ಕಡಿಮೆ, ಆದರೆ ಸಾವಿರಾರು ಯಂತ್ರಗಳು ತಿಂಗಳುಗಟ್ಟಲೆ ಓಡಿದಾಗ ಸಿಕ್ಕೇ ಸಿಗುತ್ತದೆ. ಇನ್ನೊಂದು ಆಕ್ಷೇಪ ಸೂಕ್ಷ್ಮವಾದದ್ದು: ತಪಾಸಣೆ ಚಾಲೂ ಮಾಡಿದ ಕೂಡಲೇ ವಸ್ತುಗಳ ಜಾಗ, ಸಮಯದ ಲಯ ಎರಡೂ ಬದಲಾಗಿ ದೋಷ ಮಾಯವಾಗುತ್ತದೆ. ನಿಜ, ಆಗುತ್ತದೆ. ಅದಕ್ಕೇ ಕಾವಲನ್ನು ಕೆಟ್ಟ ಮೇಲೆ ಹಾಕುವುದು ತಡವಾದ ಕೆಲಸ. ಮೊದಲಿನಿಂದಲೂ ಹಾಕಿಟ್ಟ ಹಗುರ ಕಾವಲಿನಲ್ಲಿ ಹೀಗೆ ಬದಲಾಗುವ ಲಯವೇ ಇರುವುದಿಲ್ಲ.

2024ರ ಜುಲೈ 19ರ ಶುಕ್ರವಾರ ದೋಷ ಕಂಡ ಜಾಗಕ್ಕೂ ಹುಟ್ಟಿದ ಜಾಗಕ್ಕೂ ಇರುವ ಅಂತರಕ್ಕೆ ಜಗತ್ತೇ ಕಂಡ ಸಾಕ್ಷಿ. ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಭದ್ರತಾ ತಂತ್ರಾಂಶಕ್ಕೆ ಕಳಿಸಿದ ಒಂದು ದತ್ತಾಂಶ ಫೈಲು, ವಿಂಡೋಸ್ ಕರ್ನೆಲ್‌ನಲ್ಲಿ ಓಡುವ ಅದರ ಡ್ರೈವರನ್ನು ಪಟ್ಟಿಯ ಗಡಿಯಾಚೆ ಓದುವಂತೆ ಮಾಡಿತು. 21ನೆಯ ಬೆಲೆಯನ್ನು ಕೇಳಲಾಗಿತ್ತು, ಕೊಟ್ಟದ್ದು 20 ಮಾತ್ರ. 10.57ಕ್ಕೆ ಫೈಲನ್ನು ಹಿಂತೆಗೆದುಕೊಂಡರೂ ಅಷ್ಟರಲ್ಲಿ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ಯಂತ್ರಗಳು ಬಿದ್ದಿದ್ದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ವಿಮಾನಯಾನ ಸಂಸ್ಥೆಗಳ ಚೆಕ್-ಇನ್ ಅಸ್ತವ್ಯಸ್ತವಾಯಿತು. ಬಿದ್ದ ಯಂತ್ರಗಳ ಡಂಪಿನಲ್ಲಿ ಸಣ್ಣ ವಿಳಾಸವೊಂದನ್ನು ಕಂಡವರು ಇದು ಶೂನ್ಯ ಪಾಯಿಂಟರಿನ ತಪ್ಪೆಂದು ಅಂದೇ ತೀರ್ಪು ಕೊಟ್ಟರು. ಪೂರ್ತಿ ವಿಶ್ಲೇಷಣೆ ಅದನ್ನು ಅಲ್ಲಗಳೆಯಿತು: ಗಡಿಯಾಚೆ ಇದ್ದ ಯಾವುದೋ ಕಸವನ್ನು ಪಾಯಿಂಟರ್ ಎಂದು ಎತ್ತಿಕೊಂಡದ್ದು ಮೂಲ ದೋಷ, ವಿಳಾಸ ಅದರ ಫಲ. ಕೊನೆಯ ವಿಳಾಸ ನೋಡಿ ಕಾರಣ ಹೇಳುವ ಆತುರ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆದರೆ ಸಾಧನಗಳೇ ಎಲ್ಲವನ್ನೂ ಹಿಡಿಯುತ್ತವೆ ಎಂದರೆ ಅದೂ ತಪ್ಪು. 2022ರ ಮಾರ್ಚ್ 7ರಂದು ಬಹಿರಂಗವಾದ ಡರ್ಟಿ ಪೈಪ್ ದೋಷದಲ್ಲಿ ಕರ್ನೆಲ್ ಎಲ್ಲೂ ಗಡಿ ಮೀರಿರಲಿಲ್ಲ. ಪೈಪ್ ಒಂದರ ದಾಖಲೆಯಲ್ಲಿ ಒಂದು ಅಂಕಣವನ್ನು ಹೊಸದಾಗಿ ತುಂಬದೆ ಹಳೆಯ ಬೆಲೆಯನ್ನೇ ಬಿಟ್ಟಿತ್ತು, ಅಷ್ಟೇ. ಅದರಿಂದ ಓದಲು ಮಾತ್ರ ಅನುಮತಿಯಿದ್ದ ಫೈಲಿನ ಮೇಲೂ ಬರೆಯಲು ಸಾಧ್ಯವಾಯಿತು. ಮ್ಯಾಕ್ಸ್ ಕೆಲ್ಲರ್‌ಮನ್ ಎಂಬ ಪ್ರೋಗ್ರಾಮರ್ ಇದನ್ನು ಕಂಡುಹಿಡಿದದ್ದು ಗ್ರಾಹಕರ ಲಾಗ್ ಫೈಲುಗಳು ಕೆಟ್ಟಿವೆ ಎಂಬ ದೂರಿನಿಂದ. ಮೊದಲ ದೂರು 2021ರ ಏಪ್ರಿಲಿನದ್ದು, ಕರ್ನೆಲ್ ದೋಷವೆಂದು ಖಚಿತವಾದದ್ದು 2022ರ ಫೆಬ್ರುವರಿಯಲ್ಲಿ. ಕೆಟ್ಟ ಫೈಲುಗಳು ಹಲವಾದ ಮೇಲೆ ಅವರು ಅವನ್ನು ಇಟ್ಟುಕೊಂಡು ಹೋಲಿಸಿದರು. ಕೊನೆಯ 8 ಬೈಟುಗಳು ಪ್ರತಿಸಲವೂ ಒಂದೇ ಆಗಿದ್ದವು, ಅವು ಜಿಪ್ ಫೈಲಿನ ತಲೆಬರಹ. ಕೆಟ್ಟದ್ದನ್ನು ಅಳಿಸಿ ಮುಂದೆ ಹೋಗಿದ್ದರೆ ದೋಷ ಇನ್ನೂ ಎಷ್ಟು ಕಾಲ ಉಳಿಯುತ್ತಿತ್ತೋ. ಯಾವ ಕಾವಲೂ ಕೂಗದಿದ್ದ ಕಡೆಯಲ್ಲೂ ಕೈಹಿಡಿದದ್ದು ಇಟ್ಟುಕೊಂಡ ಸಾಕ್ಷ್ಯವೇ.

ರಸ್ಟ್ ಭಾಷೆ ಬಂದ ಮೇಲೆ ಇದೆಲ್ಲ ಹಳೆಯ ಮಾತಾಗುತ್ತದೆ ಎಂಬ ವಾದವೂ ಇದೆ. 2022ರ ಡಿಸೆಂಬರಿನ 6.1 ಆವೃತ್ತಿಯಿಂದ ಲಿನಕ್ಸ್ ರಸ್ಟ್ ಅನ್ನು ಒಪ್ಪಿಕೊಂಡಿದೆ, ಹೊಸ ಡ್ರೈವರುಗಳನ್ನು ಅದರಲ್ಲಿ ಬರೆಯುವುದು ಸ್ವಾಗತಾರ್ಹ. ಬಿಟ್ಟುಕೊಟ್ಟದ್ದನ್ನು ಮತ್ತೆ ಮುಟ್ಟುವ ತಪ್ಪನ್ನು ಕಂಪೈಲರೇ ತಡೆಯುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ 3 ಕೋಟಿಗೂ ಮೀರಿದ ಸಾಲುಗಳ ಕರ್ನೆಲ್‌ನ ಬಹುಪಾಲು ಸಿ ಭಾಷೆಯಲ್ಲೇ ಇದೆ. ಯಂತ್ರಾಂಶದ ಜೊತೆ ನೇರವಾಗಿ ಮಾತಾಡುವ ಕಡೆ ರಸ್ಟ್ ಕೂಡ ತನ್ನ ಖಾತರಿಯನ್ನು ಬದಿಗಿಡುವ ಭಾಗಗಳನ್ನು ಬಳಸಲೇಬೇಕು. ರ‍್ಯಾಮ್‌ನ ಬಿಟ್ ಮಗುಚುವುದಕ್ಕೆ ಯಾವ ಭಾಷೆಯೂ ಅಡ್ಡಿಯಲ್ಲ. ಪತ್ತೆಯ ಕೆಲಸ ಇನ್ನೂ ದಶಕಗಳ ಕಾಲ ಬೇಕಾಗುತ್ತದೆ.

ಆ ಕೆಲಸಕ್ಕೆ ಜನ ತಯಾರಾಗುವ ಜಾಗಗಳು ಉಡುಪಿ ಜಿಲ್ಲೆಯಲ್ಲೇ ಇವೆ. 1957ರಲ್ಲಿ ಆರಂಭವಾದ ಮಣಿಪಾಲದ ಎಂಐಟಿ, ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 1986ರಿಂದ ಇರುವ ಎಂಜಿನಿಯರಿಂಗ್ ಕಾಲೇಜು, ಕಾಪು–ಶಿರ್ವ ಕಡೆಯ ಬಂಟಕಲ್ಲಿನಲ್ಲಿ 2010ರಲ್ಲಿ ತೆರೆದ ಮಧ್ವ ವಾದಿರಾಜ ಕಾಲೇಜು ಮೂರೂ ಒಂದು ಗಂಟೆಯ ದಾರಿಯೊಳಗಿನವು. ಬೇಕಾದ ಸಲಕರಣೆಗೆ ಖರ್ಚಿಲ್ಲ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕ್ಯೂಎಮು ಮೂಲಕ ಒಂದು ಕಾಲ್ಪನಿಕ ಯಂತ್ರ ತೆರೆದು, ಕೇಸಾನ್ ಚಾಲೂ ಇರುವ ಕರ್ನೆಲ್ ಕಟ್ಟಿ, ಎಲ್‌ಕೆಡಿಟಿಎಂನಿಂದ ಬಿಟ್ಟುಕೊಟ್ಟ ಮೆಮೊರಿಗೆ ಬೇಕೆಂದೇ ಬರೆಸಿದರೆ ಮೂರು ಕರೆಸರಣಿಗಳ ವರದಿ ಕಣ್ಣೆದುರು ಬರುತ್ತದೆ. ಕೇಸಾನ್ ತೆಗೆದು ಅದನ್ನೇ ಮತ್ತೆ ಮಾಡಿದರೆ ಬರುವ ಮೌನವೂ ಅಷ್ಟೇ ಪಾಠ ಕಲಿಸುತ್ತದೆ. ಎಲ್ಲ ಸಂಕೇತವೂ ಕರ್ನೆಲ್‌ನ ಮೂಲದಲ್ಲೇ ಉಚಿತವಾಗಿ ಇದೆ, ಅದರಲ್ಲಿ ಒಂದಷ್ಟು ನಮ್ಮ ರಾಜ್ಯದ ರಾಜಧಾನಿಯಲ್ಲೇ ಬರೆದದ್ದು. ಈ ಕಾಲೇಜುಗಳ ಅಧ್ಯಾಪಕರು ಮುಂದಿನ ಸೆಮಿಸ್ಟರಿನ ಆಪರೇಟಿಂಗ್ ಸಿಸ್ಟಂ ಲ್ಯಾಬಿನಲ್ಲಿ ಷೆಡ್ಯೂಲಿಂಗ್ ಲೆಕ್ಕಗಳ ಜೊತೆಗೆ ಒಂದು ಕ್ರ್ಯಾಶ್ ಡಂಪನ್ನಾದರೂ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಬಿದ್ದ ಜಾಗದಿಂದ ಹುಟ್ಟಿದ ಜಾಗದವರೆಗೆ ಹಿಂದಕ್ಕೆ ನಡೆಸಬೇಕು.